ಶೀಟಿನ ಮಾಡು: ಸೋರೋದು ಎಲ್ಲಿಂದ, ಹಾರೋದು ಯಾಕೆ?

ಹೋದ ಸಂಚಿಕೇಲಿ ಮಾಡಿನ (ಛಾವಣಿಯ) ಹೆಂಚು ತೆಗೆದು ತಗಡಿನ ಶೀಟ್ ಹಾಕೋ ಬಗ್ಗೆ ಸುಮ್ನೆ ಎರಡು ಸಾಲು ಬರ್ದಿದ್ದೆ ಅಷ್ಟೇ, ಈ ಸಲ ಬಂದಿರೋ ಪ್ರಶ್ನೆ ಮುಕ್ಕಾಲು ಪಾಲು ಅದರ ಮೇಲೇನೇ. ಎಲ್ಲದಕ್ಕೂ ಬರೆಯೋಕೆ ಜಾಗ ಇಲ್ಲ, ಕೆಲವು ಆರಿಸಿಕೊಂಡಿದೀನಿ. ಮೊದಲನೇ ಉತ್ತರ ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ನಮ್ದು ನಾಪೋಕ್ಲು ಹತ್ರ ತೋಟ. ಕಣದ ಪಕ್ಕ ಕಾಫಿ ಇಡೋಕೆ ಶೆಡ್ ಕಟ್ಟಿ ಎರಡು ವರ್ಷ ಆಯ್ತು, ಕಲರ್ ಶೀಟು, 0.45 ಮಿಲಿಮೀಟರ್ ದಪ್ಪ. ರಿಡ್ಜ್ (ಮಾಡಿನ ನೆತ್ತಿ) ಪೂರ್ವ-ಪಶ್ಚಿಮ ಉದ್ದಕ್ಕೆ ಉಂಟು. ಹೋದ ಮಳೆಗಾಲದಲ್ಲಿ ಪಶ್ಚಿಮದ ಮೂಲೆ ಮೂರು ಶೀಟು ಎದ್ದು ಹೋಯ್ತು, ಉಳಿದಿದ್ದು ಶೀಟು ಶೀಟಿಗೆ ಸೇರೋ ಜಾಗದಲ್ಲಿ ಸಾಲಾಗಿ ಸೋರ್ತದೆ. ಫ್ಯಾಬ್ರಿಕೇಷನ್‌ನವ್ರು ಶೀಟ್ ತೆಳು ಆಯ್ತು, 0.50 ಹಾಕ್ಸಿ ಅಂತಾರೆ, ಅಂಗಡಿಯವ್ರು ಸಿಲಿಕಾನ್ ಹೊಡೀರಿ ಸಾಕು ಅಂತಾರೆ. ಯಾರ ಮಾತು ಕೇಳ್ಲಿ? ಫೋಟೋ ಕಳಿಸಿದೀನಿ.

ಉತ್ತರ: ಇಬ್ಬರ ಮಾತೂ ಬೇಡ. ನಿಮ್ಮ ಫೋಟೋದಲ್ಲೇ ಉತ್ತರ ಉಂಟು. ಶೀಟಿನ ಕೆಳಗೆ ಅಡ್ಡ ಹೋಗೋ ಪರ್ಲಿನ್ ಪೈಪಿನ ಮೇಲೆ ಸ್ಕ್ರೂಗಳು ವಾಷರ್ ಸಮೇತ ಹಾಗೇ ನಿಂತಿವೆ, ಕೆಳಗೆ ಬಿದ್ದಿರೋ ಶೀಟಿನಲ್ಲಿ ವಾಷರ್ ಅಗಲದ ಹರಿದ ತೂತು. ಅಂದ್ರೆ ಸ್ಕ್ರೂ ಕಿತ್ತು ಬಂದಿಲ್ಲ, ಸ್ಕ್ರೂ ತಲೆ ಮೇಲಿಂದ ಶೀಟೇ ಕಿತ್ಕೊಂಡು ಹೋಗಿದೆ. ಇದು ಸ್ಕ್ರೂ ಕಮ್ಮಿ ಆದ ಲಕ್ಷಣ. ಅದೇ ಸ್ಕ್ರೂನೂ ಶೀಟಿನ ಜೊತೆ ಹೋಗಿದ್ರೆ ಪೈಪು ತೆಳು ಅಂತ ಅರ್ಥ, ಒಂದೂವರೆ ಮಿಲಿಮೀಟರಿಗಿಂತ ತೆಳು ಪೈಪಲ್ಲಿ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗೆ ಹಿಡ್ಕೊಳ್ಳೋಕೆ ಒಂದೆರಡು ಮರೆ (ಥ್ರೆಡ್) ಸಿಕ್ಕಿದ್ರೆ ದೊಡ್ಡದು.

ತುಂಬಾ ಜನ ಗಾಳಿ ಮಾಡನ್ನ ಒತ್ತುತ್ತೆ ಅಂದ್ಕೊಂಡಿದಾರೆ. ಒತ್ತಲ್ಲ ಮಾರಾಯ್ರೆ, ಎತ್ತುತ್ತೆ. ಮಾಡಿನ ಮೇಲೆ ಜೋರಾಗಿ ಹಾದು ಹೋಗೋ ಗಾಳಿ ಶೀಟನ್ನ ಮೇಲಕ್ಕೆ ಎಳೀತದೆ, ನಿಮ್ಮ ಶೆಡ್ ಥರ ಒಂದು ಕಡೆ ಬಾಯಿ ತೆರೆದಿದ್ರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದಾನೂ ತಳ್ತದೆ, ಎರಡೂ ಸೇರಿದಾಗ ಶೀಟು 0.45 ಆದ್ರೇನು 0.50 ಆದ್ರೇನು. ಈ ಎಳೆತ ಎಲ್ಲಾ ಕಡೆ ಒಂದೇ ಅಲ್ಲ, ಮೂಲೆ, ಸೂರು, ರಿಡ್ಜ್ ಹತ್ರ ಜಾಸ್ತಿ. ನಮ್ಮ ದೇಶದಲ್ಲಿ ಗಾಳಿ ಲೆಕ್ಕಕ್ಕೆ ಇರೋ ಐಎಸ್ 875 ಕೋಡಿನ 3ನೇ ಭಾಗದಲ್ಲೂ ಅಂಚು, ಮೂಲೆಗೆ ಬೇರೆ ಲೆಕ್ಕಾನೇ ಇಟ್ಟಿದಾರೆ. ಹಾಗಾಗಿ ಸುತ್ತಲೂ ಅಂಚಿನಿಂದ ನಾಲ್ಕೈದು ಅಡಿ ಒಳಗಿನವರೆಗೆ ಪರ್ಲಿನ್ ಸಿಕ್ಕಿದ ಕಡೆಯೆಲ್ಲ ಪ್ರತಿ ಉಬ್ಬಿಗೂ ಒಂದು ಸ್ಕ್ರೂ, ನಡುವಿನ ಭಾಗಕ್ಕೆ ಒಂದು ಬಿಟ್ಟು ಒಂದು. ನಿಮ್ಮ ಫೋಟೋದಲ್ಲಿ ಎಣಿಸಿದೆ, ಮೂಲೆಯಲ್ಲೇ ಮೂರು ಉಬ್ಬಿಗೆ ಒಂದು ಇದೆ. ಚದರಡಿ ಲೆಕ್ಕದಲ್ಲಿ ಕೆಲಸ ಒಪ್ಕೊಂಡವ್ರು ಉಳಿಸೋದು ಎಲ್ಲಿ ಅಂದ್ರೆ ಇಲ್ಲೇ, ಮೇಲೆ ಹತ್ತಿ ಯಾರೂ ಎಣಿಸಲ್ಲ ನೋಡಿ.

ಈಗ ಸೋರೋ ವಿಷಯ. ಶೀಟ್ ಹಾಕೋದನ್ನ ಯಾವ ತುದಿಯಿಂದ ಶುರು ಮಾಡಿದ್ರು ಅಂತ ನೆನಪು ಉಂಟಾ? ನಮ್ಮ ಕೊಡಗಲ್ಲಿ ಮಳೆಗಾಲದ ಗಾಳಿ ಪಶ್ಚಿಮ-ನೈಋತ್ಯದಿಂದ ಬರ್ತದೆ. ರಿಡ್ಜ್ ಪೂರ್ವ-ಪಶ್ಚಿಮ ಇದ್ರೆ ಮೊದಲ ಶೀಟು ಪೂರ್ವದ ತುದಿಗೆ ಬೀಳ್ಬೇಕು, ಅಲ್ಲಿಂದ ಪಶ್ಚಿಮಕ್ಕೆ ಬರ್ತಾ ಬರ್ತಾ ಒಂದೊಂದು ಶೀಟೂ ಹಿಂದಿನದ್ರ ಮೇಲೆ ಕೂರ್ಬೇಕು, ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕ್ತದೆ, ಗಾಳಿ ಜೋಡಣೆ ಮೇಲೆ ಜಾರಿ ಹೋಗ್ತದೆ. ಉಲ್ಟಾ ಹಾಕಿದ್ರೆ ಪ್ರತಿ ಜೋಡಣೆನೂ ಗಾಳಿಗೆ ಬಾಯಿ ತೆರೆದು ಕೂತಂಗೆ, ಮಳೆನ ಒಳಗೆ ತುರುಕ್ತದೆ. ರಿಡ್ಜ್ ಉತ್ತರ-ದಕ್ಷಿಣ ಇದ್ದೋರು ಉತ್ತರದ ತುದಿಯಿಂದ ಶುರು ಮಾಡಿ. ಕಣಿವೆ ಒಳಗೆ ಗಾಳಿ ದಿಕ್ಕು ತಿರುಗೋದೂ ಉಂಟು, ತೋಟದಲ್ಲಿ ಎತ್ತರದ ಸಿಲ್ವರ್ ಓಕ್ ಯಾವ ಕಡೆ ವಾಲಿದೆ ಅಂತ ನೋಡ್ಕೊಂಡ್ರೆ ಕಂಪಾಸ್ ಬೇಡ.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. ನಮ್ಮ ಮನೆ ಕಾರ್ ಶೆಡ್ಡಿಗೆ ನಾನೇ ನಿಂತು ಹಾಕ್ಸಿದ್ದು, ಏಣಿ ಇಡೋಕೆ ಸಲೀಸು ಅಂತ ಪಶ್ಚಿಮದಿಂದ ಶುರು ಮಾಡ್ಸಿದೆ. ಜುಲೈನಲ್ಲಿ ಕಾರೊಳಗೆ ಕೂತು ಮೇಲೆ ನೋಡಿದ್ರೆ ಒಂದೊಂದು ಜೋಡಣೆಯಲ್ಲೂ ಮಣಿ ಪೋಣಿಸಿದಂಗೆ ಹನಿ. ಹೆಂಡ್ತಿ ಏನಂದ್ಳು ಅನ್ನೋದು ಇಲ್ಲಿ ಬೇಡ.

ನೀವು ಪೂರ್ತಿ ಬಿಚ್ಚಿ ಹಾಕೋ ಅಗತ್ಯ ಇಲ್ಲ. ಫೆಬ್ರವರಿ, ಮಾರ್ಚಲ್ಲಿ ಶೀಟ್ ಒಣಗಿರೋವಾಗ ಜೋಡಣೆ ಸಾಲಿನ ಸ್ಕ್ರೂ ಮಾತ್ರ ಬಿಚ್ಚಿ, ಮೇಲಿನ ಅಂಚು ಸ್ವಲ್ಪ ಎತ್ತಿ, ಧೂಳು ಪಾಚಿ ಒರೆಸಿ, ಉಬ್ಬಿನ ಉದ್ದಕ್ಕೂ ಬ್ಯೂಟೈಲ್ ಟೇಪ್ (ಅಂಟೋ ರಬ್ಬರ್ ಪಟ್ಟಿ) ಎಳೆದು ಮತ್ತೆ ಮುಚ್ಚಿ. ಆಮೇಲೆ ಎರಡು ಪರ್ಲಿನ್ ನಡುವೆ ಶೀಟಿಗೆ ಶೀಟು ಹೊಲಿಯೋ ಗಿಡ್ಡ ಸ್ಕ್ರೂ ಬರ್ತದೆ, ಸ್ಟಿಚ್ ಸ್ಕ್ರೂ ಅಂತ, ಅದನ್ನ ಒಂದು-ಒಂದೂವರೆ ಅಡಿಗೆ ಒಂದು ಹಾಕ್ಸಿ. ಇದನ್ನ ನಮ್ಮ ಕಡೆ ಯಾರೂ ಹಾಕಲ್ಲ, ಪರ್ಲಿನ್ ನಡುವೆ ಎರಡು ಶೀಟು ಬೇರೆ ಬೇರೆ ಕುಣೀತಿದ್ರೆ ಟೇಪ್ ಎಷ್ಟು ದಿನ ಹಿಡಿದೀತು? ಹೊಸದಾಗಿ ಹಾಕೋರಿಗೆ ಇನ್ನೊಂದು: ಶೀಟಿನ ಒಂದು ಅಂಚಿನ ಉಬ್ಬಲ್ಲಿ ಸಣ್ಣ ಗೀರು ಥರ ಕಾಲುವೆ ಇದ್ರೆ ಆ ಅಂಚು ಯಾವಾಗ್ಲೂ ಕೆಳಗೆ ಹೋಗ್ಬೇಕು. ಎರಡು ಶೀಟಿನ ಸಂದಿಯಲ್ಲಿ ನೀರು ತಾನಾಗೇ ಮೇಲೇರ್ತದೆ, ಬತ್ತಿ ಎಣ್ಣೆ ಹೀರಿದಂಗೆ, ಅದನ್ನ ಅಲ್ಲೇ ತಡೆದು ಕೆಳಗೆ ಹರಿಸೋಕೆ ಆ ಕಾಲುವೆ.

ಸಿಲಿಕಾನ್ ಬಗ್ಗೆ: ಹೊರಗಿಂದ ಮೇಲೆ ಹಚ್ಚಿದ್ದು ಒಂದೆರಡು ಮಳೆಗಾಲ ಅಷ್ಟೇ. ಅದರಲ್ಲೂ ಮೂಗಿಗೆ ಕಾಚಂಪುಳಿ (ನಮ್ಮ ಕಡೆ ವಿನೆಗರ್) ಥರ ಹುಳಿ ವಾಸನೆ ಹೊಡೆಯೋ ಸಿಲಿಕಾನ್ ಶೀಟಿಗೆ ಬೇಡವೇ ಬೇಡ, ಆ ಆಸಿಡ್ ಸತುವಿನ ಲೇಪ ತಿಂತದೆ. ಹಾಕ್ಲೇಬೇಕಂದ್ರೆ ನ್ಯೂಟ್ರಲ್ ಕ್ಯೂರ್ ಅಂತ ಟ್ಯೂಬ್ ಮೇಲೆ ಬರೆದಿರೋದು ತಗೊಳ್ಳಿ.

ಪ್ರಶ್ನೆ: ಸ್ಕ್ರೂನ ಎಷ್ಟು ಬಿಗಿ ಮಾಡ್ಬೇಕು? ನಾಲ್ಕು ವರ್ಷಕ್ಕೇ ವಾಷರ್ ಎಲ್ಲ ಸೀಳಿ, ಸ್ಕ್ರೂ ಸುತ್ತ ಕೆಂಪಗಾಗಿದೆ. (ಸೋಮವಾರಪೇಟೆಯಿಂದ)

ಉತ್ತರ: ಮೇಲಿಂದ ನೋಡಿದ್ರೆ ಕಬ್ಬಿಣದ ಬಿಲ್ಲೆ ಅಂಚಿನ ಕೆಳಗಿಂದ ಕಪ್ಪು ರಬ್ಬರ್ ಕೂದಲೆಳೆ ಅಷ್ಟು ಇಣುಕಬೇಕು, ಅಷ್ಟೇ ಬಿಗಿ. ರಬ್ಬರ್ ಸುರುಳಿ ಸುತ್ತಿ ಆಚೆ ಬಂದಿದ್ರೆ ಜಾಸ್ತಿ ಆಯ್ತು, ಕೈಯಲ್ಲಿ ವಾಷರ್ ತಿರುಗಿದ್ರೆ ಕಮ್ಮಿ ಆಯ್ತು. ಹುಡುಗ್ರು ಇಂಪ್ಯಾಕ್ಟ್ ಡ್ರೈವರ್ ಇಟ್ಟು ಗರ್ ಅಂತ ಹೊಡೆದು ಉಬ್ಬನ್ನೇ ಗುಳಿ ಮಾಡ್ತಾರೆ, ಆ ಗುಳಿಯಲ್ಲಿ ನೀರು ನಿಂತು ಅಲ್ಲಿಂದಾನೇ ತುಕ್ಕು ಶುರು. ಕ್ಲಚ್ ಇರೋ ಸ್ಕ್ರೂ ಗನ್ ಬಳಸೋಕೆ ಹೇಳಿ, ಸ್ಕ್ರೂ ನೆಟ್ಟಗೆ ಇಳೀಬೇಕು, ಸೊಟ್ಟ ಇಳಿದ್ರೆ ವಾಷರ್ ಒಂದು ಕಡೆ ಬಾಯಿ ಬಿಡ್ತದೆ. ವಾಷರ್ ಈಪಿಡಿಎಂ ರಬ್ಬರ್ ಆಗಿರ್ಲಿ, ಬರೀ ಪ್ಲಾಸ್ಟಿಕ್ ಥರದ್ದು ಬಿಸಿಲಿಗೆ ಗಟ್ಟಿಯಾಗಿ ಒಡೀತದೆ.

ಬಿಸಿಲು ಅಂದಾಗ ನೆನಪಾಯ್ತು. ಜನವರಿ ಬೆಳಗ್ಗೆ ಹನ್ನೆರಡು ಡಿಗ್ರಿಯಲ್ಲಿರೋ ಶೀಟು ಮಾರ್ಚ್ ಮಧ್ಯಾಹ್ನಕ್ಕೆ ಐವತ್ತೈದು ದಾಟ್ತದೆ. 20 ಅಡಿ ಶೀಟು ಅಷ್ಟರಲ್ಲಿ ಸುಮಾರು 3 ಮಿಲಿಮೀಟರ್ ಹಿಗ್ಗುತ್ತೆ, ರಾತ್ರಿಗೆ ಮತ್ತೆ ಕುಗ್ಗುತ್ತೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಎಳೆದಾಡಿ ಸ್ಕ್ರೂ ತೂತು ಅಗಲ ಆಗ್ತದೆ. ಅದಕ್ಕೇ ಮಳೆಗೆ ಮುಂಚೆ ವರ್ಷಕ್ಕೊಂದ್ಸಲ ಹತ್ತಿ ನೋಡೋದು. ತೂತು ಸಡಿಲ ಆಗಿದ್ರೆ ಅದೇ ಸ್ಕ್ರೂ ಮತ್ತೆ ಬಿಗಿ ಮಾಡಿ ಪ್ರಯೋಜನ ಇಲ್ಲ, 12 ನಂಬರ್ (5.5 ಮಿಮೀ) ತೆಗೆದು ಅದೇ ಜಾಗಕ್ಕೆ 14 ನಂಬರ್ (6.3 ಮಿಮೀ) ಹಾಕಿ. ಕೆಲಸ ಮುಗಿದ ದಿನಾನೇ ಡ್ರಿಲ್ ಮಾಡಿದ ಕಬ್ಬಿಣದ ಪುಡಿನ ಮೆತ್ತನೆ ಪೊರಕೆಯಲ್ಲಿ ಗುಡಿಸ್ಬೇಕು. ಒಂದು ರಾತ್ರಿ ಮಂಜು ಬಿದ್ರೆ ಸಾಕು, ಬೆಳಗ್ಗೆ ಶೀಟ್ ತುಂಬಾ ಕೆಂಪು ಚುಕ್ಕೆ. ನಿಮ್ಮ ಫೋಟೋದಲ್ಲಿ ಅರ್ಧ ಕೆಂಪು ಅದೇ ಅಂತ ನನ್ನ ಅನುಮಾನ.

ಪ್ರಶ್ನೆ: ಶೆಡ್ ಪಕ್ಕ ಮೂರು ಮರಕ್ಕೆ ಕಾಳು ಮೆಣಸು ಹಬ್ಬಿಸಿದೀವಿ. ಆ ಕಡೆ ಇಳಿಜಾರಿನ ಶೀಟು, ಸ್ಕ್ರೂ ಮಾತ್ರ ಬೇಗ ಹಾಳಾಗ್ತಿದೆ, ಇನ್ನೊಂದು ಕಡೆ ಹೊಸದರಂಗೆ ಉಂಟು. ಒಂದೇ ಬಂಡಲಿನ ಶೀಟು. (ಪೊನ್ನಂಪೇಟೆ ಕಡೆಯಿಂದ)

ಉತ್ತರ: ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಔಷಧಿ) ಹೊಡೀತೀರಲ್ಲ, ಅದರ ತುಂತುರು ಎಲ್ಲಿ ಬೀಳ್ತಿದೆ ನೋಡಿ. ಬೋರ್ಡೋ ಹದ ಆಯ್ತಾ ಅಂತ ಚಾಕು ಅದ್ದಿ ನೋಡ್ತೀವಿ, ಮೈಲುತುತ್ತು (ಕಾಪರ್ ಸಲ್ಫೇಟ್) ಜಾಸ್ತಿ ಉಳಿದಿದ್ರೆ ಚಾಕು ಮೇಲೆ ತಾಮ್ರ ಕೂರ್ತದೆ, ಮತ್ತೆ ಸುಣ್ಣ ಹಾಕ್ತೀವಿ. ಚಾಕುಗೆ ಆಗಿದ್ದೇ ನಿಮ್ಮ ಮಾಡಿಗೂ ಆಗ್ತಿರೋದು. ತಾಮ್ರ ಬಂದು ಸತುವಿನ ಮೇಲೆ ಕೂತ್ರೆ ಸತುವು ಕರಗಿ ಹೋಗ್ತದೆ, ಆಮೇಲೆ ಕಬ್ಬಿಣದ ಸರದಿ. ಜಿಐ (ಸತು ಲೇಪದ ಕಬ್ಬಿಣ) ಬಕೆಟಲ್ಲಿ ಬೋರ್ಡೋ ಕಲಸಬಾರದು ಅಂತ ಹಿರಿಯರು ಹೇಳ್ತಿದ್ದಿದ್ದು ಇದಕ್ಕೇ. ಕಲರ್ ಶೀಟಿಗೆ ಬಣ್ಣ ಸ್ವಲ್ಪ ಕಾಪಾಡ್ತದೆ, ಆದ್ರೆ ಕತ್ತರಿಸಿದ ಅಂಚು, ಗೀಚು, ಸ್ಕ್ರೂ ತಲೆಗೆ ಕಾಪು ಇಲ್ಲ. ಹೊಡೆಯೋ ದಿನ ಆ ಕಡೆಗೆ ಟಾರ್ಪಾಲು ಹಾಸಿ, ಇಲ್ಲಾಂದ್ರೆ ಮುಗಿದ ಮೇಲೆ ಒಳ್ಳೆ ನೀರಲ್ಲಿ ತೊಳೆದುಬಿಡಿ.

ಪ್ರಶ್ನೆ: ನಮ್ಮ ರಸ್ತೆಗೆ ದೊಡ್ಡ ಲಾರಿ ಬರಲ್ಲ, 24 ಅಡಿ ಇಳಿಜಾರಿಗೆ ಎರಡು ತುಂಡು ಶೀಟ್ ಹಾಕ್ಬೇಕು. ಒಂದರ ಮೇಲೊಂದು ಎಷ್ಟು ಬಿಡ್ಬೇಕು? (ಗಾಳಿಬೀಡಿನಿಂದ)

ಉತ್ತರ: ಹೆಂಚಿನ ಮಾಡಿನಷ್ಟು ಇಳಿಜಾರಿದ್ರೆ 6 ಇಂಚು ಸಾಕು, ಮಟ್ಟಸ ಮಾಡಿಗೆ 9 ಇಂಚು. ಅಂದ್ರೆ ಎರಡು 12 ಅಡಿ ತಂದ್ರೆ ಸಾಲಲ್ಲ, ಹದಿಮೂರರದ್ದು ತರ್ಸಿ. ಕೆಳಗಿನ ಶೀಟು ಮೊದಲು, ಮೇಲಿನದು ಅದರ ಮೇಲೆ, ಜೋಡಣೆ ಬೀಳೋ ಜಾಗ ಸರಿಯಾಗಿ ಪರ್ಲಿನ್ ಮೇಲೇ ಬರ್ಬೇಕು, ಗಾಳಿಯಲ್ಲಿ ನೇತಾಡೋ ಜೋಡಣೆ ಜೋಡಣೆ ಅಲ್ಲ. ನಡುವೆ ಬ್ಯೂಟೈಲ್ ಟೇಪ್ ಎರಡು ಸಾಲು ಎಳೆದು ಅವೆರಡರ ಮಧ್ಯೆ ಪ್ರತಿ ಉಬ್ಬಿಗೂ ಸ್ಕ್ರೂ. ಕತ್ತರಿಸೋದಿದ್ರೆ ಗ್ರೈಂಡರ್ ಬೇಡ, ಕಿಡಿ ಹಾರಿ ಲೇಪ ಸುಡ್ತದೆ, ತಗಡಿನ ಕತ್ತರಿ ಬಳಸಿ. ಬೆಳಕಿಗೆ ಅಂತ ನಡುವೆ ಫೈಬರ್ ಶೀಟ್ ಹಾಕಿದ್ರೆ ಅದರ ಮೇಲೆ ಕಾಲಿಡಬೇಡಿ ಅಂತ ಕೆಲಸದವ್ರಿಗೆ ಮೊದಲೇ ಹೇಳ್ಬಿಡಿ, ಪಾಚಿ ಹಿಡಿದ ಮೇಲೆ ಯಾವುದು ಫೈಬರ್, ಯಾವುದು ತಗಡು ಗೊತ್ತಾಗಲ್ಲ.

ಪ್ರಶ್ನೆ: ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು) ಮಳೆ ಸದ್ದಿಗೆ ಮನೆಯಲ್ಲಿ ಮಾತಾಡಿದ್ದೂ ಕೇಳಲ್ಲ, ಏನಾದ್ರೂ ಉಪಾಯ? (ಭಾಗಮಂಡಲ)

ಉತ್ತರ: ಶೀಟಿನ ಕೆಳಗೆ ಗ್ಲಾಸ್ ವುಲ್ ಥರದ್ದು ಹಾಸಿ ಸೀಲಿಂಗ್ ಮಾಡಿದ್ರೆ ಎಷ್ಟೋ ಕಮ್ಮಿ ಆಗ್ತದೆ, ಪೂರ್ತಿ ಹೋಗಲ್ಲ. ಆದ್ರೆ ಒಂದು ರಾತ್ರಿ ಗಮನ ಇಟ್ಟು ಕೇಳಿ. ಹನಿ ಬೀಳೋ ಸದ್ದು ಒಂದೇ ಸಮ ಇರ್ತದೆ. ಗಾಳಿ ಬೀಸಿದಾಗ ಮಾತ್ರ ಸೂರಿನ ಕಡೆಯಿಂದ ಡಬ್ ಡಬ್ ಅಂತ ಬಂದ್ರೆ ಅದು ಮಳೆ ಅಲ್ಲ, ಸ್ಕ್ರೂ ಬಿಟ್ಟಿದೆ. ಬೆಳಗಾದ ಮೇಲೆ, ಮಳೆ ನಿಂತು ಶೀಟು ಒಣಗಿದಾಗ ಹತ್ತಿಸಿ ನೋಡಿ, ಅಲ್ಲಿವರೆಗೆ ಆ ಮೂಲೆ ಕೆಳಗೆ ಯಾರೂ ಮಲಗೋದು ಬೇಡ.