ಉಪ್ಪು, ಬಿಪಿ, ಕಿಡ್ನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯವರಿಗೆ 52 ವರ್ಷ. ಬಿಪಿ 150/94 ಇದೆ. ಟೆಲ್ಮಿಸಾರ್ಟಾನ್ ಮಾತ್ರೆ ಶುರುಮಾಡಿ ಮೂರು ತಿಂಗಳಾದರೂ ಅಷ್ಟಾಗಿ ಇಳಿದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ಇವರು ಊಟಕ್ಕೆ ಕೂತಾಗ ಮೇಲುಪ್ಪು ಹಾಕಿಕೊಳ್ಳುವುದೇ ಇಲ್ಲ. ಆದರೂ ಹೆಚ್ಚಾಗುವುದು ಹೇಗೆ? ಕಿಡ್ನಿಗೂ ಉಪ್ಪಿಗೂ ಏನು ಸಂಬಂಧ?
– ಗೃಹಿಣಿ, ದಾವಣಗೆರೆ

ಉತ್ತರ: ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ಅರ್ಧ ಕೆಜಿಗೂ ಮಿಕ್ಕಿ ಇರುತ್ತದೆ, ನೂರರಲ್ಲಿ 99 ಪಾಲು ಮತ್ತೆ ರಕ್ತಕ್ಕೇ ಮರಳುತ್ತದೆ. ನಾವು ತಿಂದಷ್ಟು ಮಾತ್ರ ಮೂತ್ರದಲ್ಲಿ ಹೊರಬೀಳಬೇಕು. ಹಾಗೆ ಬೀಳದೆ ಒಳಗೆ ಉಳಿದರೆ 9 ಗ್ರಾಂ ಉಪ್ಪಿಗೆ ಒಂದು ಲೀಟರ್ ನೀರು ಜೊತೆಗೆ ನಿಲ್ಲುತ್ತದೆ. ಹಪ್ಪಳ ತಿಂದ ಮೇಲೆ ಬಾಯಾರುವುದು ಇದಕ್ಕೇ. ಹರೆಯದ, ಗಟ್ಟಿ ಕಿಡ್ನಿ ಹೆಚ್ಚಿನ ಉಪ್ಪನ್ನು ಸಲೀಸಾಗಿ ಹೊರಹಾಕುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಂಶದಲ್ಲಿ ಬಿಪಿ ಇರುವ ಅನೇಕರಲ್ಲಿ ಒತ್ತಡ ಏರಿದರೆ ಮಾತ್ರ ಆ ಉಪ್ಪು ಹೊರಗೆ ಹೋಗುತ್ತದೆ. ಬಿಪಿ ಏರುವುದಕ್ಕೆ ಇದೊಂದು ಮುಖ್ಯ ಕಾರಣ.

ಏರಿದ ಒತ್ತಡದ ಪೆಟ್ಟು ಬೀಳುವುದು ಕಿಡ್ನಿಗೇ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಪ್ರತಿಯೊಂದರಲ್ಲೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲು. ಒತ್ತಡಕ್ಕೆ ಈ ಜರಡಿ ಹಿಗ್ಗುತ್ತದೆ, ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಗಾಯ ಕಲೆಗಟ್ಟಿದ ಘಟಕ ಮತ್ತೆ ಚಿಗುರುವುದಿಲ್ಲ. ಅದರ ಕೆಲಸ ಉಳಿದವುಗಳ ಮೇಲೆ ಬಿದ್ದು ಅವೂ ಬೇಗ ಸವೆಯುತ್ತವೆ. ಇಷ್ಟೆಲ್ಲ ಆಗುವಾಗ ನೋವಿಲ್ಲ, ಉರಿಯಿಲ್ಲ. ಆದ್ದರಿಂದಲೇ ಪರೀಕ್ಷೆ ಬೇಕು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ಕಸ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿ.ಗ್ರಾಂ ಆಲ್ಬುಮಿನ್) 30ಕ್ಕಿಂತ ಹೆಚ್ಚಿದ್ದು, ಮೂರು ತಿಂಗಳ ನಂತರವೂ ಹಾಗೇ ಇದ್ದರೆ ಕಿಡ್ನಿಗೆ ಪೆಟ್ಟಾಗಿದೆ ಎಂದರ್ಥ.

ಮಾತ್ರೆ ಯಾಕೆ ಸರಿಯಾಗಿ ನಾಟುತ್ತಿಲ್ಲ ಎಂಬುದಕ್ಕೂ ಉಪ್ಪೇ ಕಾರಣ ಇರಬಹುದು. ರಕ್ತನಾಳ ಬಿಗಿಸುವ ಆಂಜಿಯೋಟೆನ್ಸಿನ್ ಎಂಬ ವಸ್ತುವನ್ನು ಟೆಲ್ಮಿಸಾರ್ಟಾನ್ ತಡೆಯುತ್ತದೆ. ಮೈಯಲ್ಲಿ ಉಪ್ಪು ತುಂಬಿದ್ದಾಗ ಆ ವಸ್ತು ಮೊದಲೇ ಕಡಿಮೆ ಇರುತ್ತದೆ, ಮಾತ್ರೆಗೆ ತಡೆಯಲು ಹೆಚ್ಚೇನೂ ಸಿಗುವುದಿಲ್ಲ. ಉಪ್ಪು ಇಳಿಸಿದರೆ ಅದೇ ಮಾತ್ರೆ, ಅದೇ ಪ್ರಮಾಣ, ಬಿಪಿಯನ್ನೂ ಪ್ರೋಟೀನ್ ಸೋರಿಕೆಯನ್ನೂ ಇನ್ನಷ್ಟು ಇಳಿಸುತ್ತದೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವು ಉಪ್ಪನ್ನು ಒಳಗೇ ಹಿಡಿದಿಡುತ್ತವೆ, ಕಿಡ್ನಿಗೂ ಹಾನಿ.

ಇನ್ನು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕೂ ತುಸು ಕಮ್ಮಿ. ಒಬ್ಬೊಬ್ಬರ ತಟ್ಟೆ ಅಳೆಯಲಾಗದು, ಪ್ಯಾಕೆಟ್ ಅಳೆಯಿರಿ. ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ 1 ಕೆಜಿ ಉಪ್ಪು 50 ದಿನ ಬರಬೇಕು. 25 ದಿನಕ್ಕೇ ಮುಗಿದರೆ ತಲೆಗೆ 10 ಗ್ರಾಂ ಆಯಿತು. ತರಕಾರಿ, ಸೊಪ್ಪು ತೊಳೆಯಲು ಬಳಸಿದ್ದನ್ನು ಕಳೆಯಿರಿ. ಉಪ್ಪಿನಕಾಯಿಗೆ ಹಾಕಿದ್ದು ಮಾತ್ರ ಲೆಕ್ಕದಿಂದ ತಪ್ಪಬಾರದು: ಒಂದು ಚಿಕ್ಕ ಚಮಚ ಉಪ್ಪಿನಕಾಯಿಯಲ್ಲೇ ಅರ್ಧ ಗ್ರಾಂಗೂ ಹೆಚ್ಚು ಇರಬಹುದು. ಚಟ್ನಿಪುಡಿ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬಜ್ಜಿಗೆ ಹಾಕುವ ಅಡುಗೆ ಸೋಡಾ, ಬೇಕರಿಯ ಖಾರಾ ಬನ್, ಎಲ್ಲದರಲ್ಲೂ ಸೋಡಿಯಂ ಇದೆ. ನಿಮ್ಮೂರಿನ ಮಂಡಕ್ಕಿಗೆ ಭಟ್ಟಿಯಲ್ಲೇ ಉಪ್ಪು ಸೇರಿರುತ್ತದೆ, ಆಮೇಲೆ ಒಗ್ಗರಣೆಯಲ್ಲಿ ಇನ್ನೊಂದು ಸಲ. ಮೇಲುಪ್ಪು ಬಿಟ್ಟರೂ ಹೆಚ್ಚಾಗುವುದು ಹೀಗೆ.

ಇಳಿಸುವಾಗ ಆತುರ ಬೇಡ. ಕೈಯಂದಾಜು ಬಿಟ್ಟು ಒಂದು ವಾರ ಚಮಚದಲ್ಲಿ ಅಳೆದು ಹಾಕಿ, ಬರೆದಿಡಿ. ಆಮೇಲೆ ಹತ್ತು ದಿನಕ್ಕೊಮ್ಮೆ ಹತ್ತರಲ್ಲೊಂದು ಪಾಲು ಕಡಿಮೆ ಮಾಡುತ್ತ ಹೋಗಿ. ನಾಲಿಗೆ ಎರಡು ಮೂರು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಬೇಳೆ ಬೇಯುವಾಗ ಉಪ್ಪು ಬೇಡ, ಹುಳಿ ಕುದಿದು ಇಳಿಸುವ ಮುಂಚೆ ಹಾಕಿ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಸಾಕು, ಮೊದಲೇ ಹಾಕಿದರೆ ನೀರು ಬಿಟ್ಟು ರುಚಿ ಕೆಳಗಿಳಿಯುತ್ತದೆ, ಇನ್ನಷ್ಟು ಸುರಿಯಬೇಕು ಅನಿಸುತ್ತದೆ. ನಿಂಬೆ, ಹುಣಸೆ, ಇಂಗು, ಬೆಳ್ಳುಳ್ಳಿ ಮುಂದಿದ್ದರೆ ಸಪ್ಪೆ ಅನಿಸುವುದಿಲ್ಲ. ಮಜ್ಜಿಗೆಗೆ ಉಪ್ಪು ಬಿಟ್ಟೇಬಿಡಿ.

ಖಚಿತವಾಗಿ ತಿಳಿಯಬೇಕೆಂದರೆ 24 ಗಂಟೆಯ ಮೂತ್ರದ ಸೋಡಿಯಂ ಪರೀಕ್ಷೆ ಮಾಡಿಸಿ. ಬೆಳಗಿನ ಮೊದಲ ಮೂತ್ರ ಹೊರಗೆ ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಲ್ಯಾಬಿನ ಕ್ಯಾನಿನಲ್ಲಿ ಹಿಡಿಯಬೇಕು. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ವರದಿಯಲ್ಲಿರುವ ಮಿಲಿಮೋಲ್ ಸಂಖ್ಯೆಯನ್ನು 17ರಿಂದ ಭಾಗಿಸಿದರೆ ಉಪ್ಪಿನ ಗ್ರಾಂ ಸಿಗುತ್ತದೆ. 170 ಬಂದರೆ 10 ಗ್ರಾಂ.

ಪ್ರಶ್ನೆ: ಸೈಂಧವ ಲವಣ ಬಳಸಿದರೆ ಬಿಪಿ ಏರುವುದಿಲ್ಲವಂತೆ, ನಿಜವೇ? ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಹೇಗೆ?
– ನಿವೃತ್ತ ಶಿಕ್ಷಕ, ಮೈಸೂರು

ಉತ್ತರ: ನಿಜವಲ್ಲ. ಸೈಂಧವ ಲವಣದ ಬಹುಪಾಲು ಸೋಡಿಯಂ ಕ್ಲೋರೈಡೇ, ಅಂದರೆ ಮಾಮೂಲಿ ಉಪ್ಪೇ. ಕೆಂಪು ಬಣ್ಣ ಕೊಡುವ ಕಬ್ಬಿಣ ಮತ್ತಿತರ ಖನಿಜಗಳು ಬಲು ಸ್ವಲ್ಪ. ಸಮುದ್ರದ ಕಲ್ಲುಪ್ಪೂ ತೂಕಕ್ಕೆ ತೂಕ ಅಷ್ಟೇ. ಹರಳು ದಪ್ಪವಾದ್ದರಿಂದ ಒಂದು ಚಮಚದಲ್ಲಿ ಕಡಿಮೆ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಇವೆರಡರಲ್ಲೂ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ ಎಂಬುದನ್ನೂ ಗಮನಿಸಿ.

ಲೋ ಸೋಡಿಯಂ ಉಪ್ಪಿನ ಕಥೆ ಬೇರೆ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು (75 ಪಾಲು ಸೋಡಿಯಂ ಕ್ಲೋರೈಡ್, 25 ಪಾಲು ಪೊಟ್ಯಾಶಿಯಂ ಕ್ಲೋರೈಡ್) ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಗಂಭೀರ ಕಿಡ್ನಿ ಕಾಯಿಲೆಯವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಕೆಟ್ಟ ಕಿಡ್ನಿ ಪೊಟ್ಯಾಶಿಯಂ ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯ. ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿರುವವರು, ಪೊಟ್ಯಾಶಿಯಂ ಏರಿಸಬಲ್ಲ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬೇಡಿ. ಇಂಥವರು ಒಬ್ಬರಿದ್ದರೂ ಇಡೀ ಮನೆಗೆ ಮಾಮೂಲಿ ಉಪ್ಪೇ ಕಡಿಮೆ ಹಾಕಿ ಅಡುಗೆ ಮಾಡುವುದು ಕ್ಷೇಮ.

ಪ್ರಶ್ನೆ: ಮಳೆಗಾಲದಲ್ಲಿ ಗಂಜಿಗೆ ಒಣಮೀನು ಬೇಕೇ ಬೇಕು. ಬಿಪಿ ಇದ್ದರೆ ಬಿಡಬೇಕೇ?
– ಕುಂದಾಪುರ

ಉತ್ತರ: ದಿನಾ ಬೇಡ. ತಿನ್ನುವ ದಿನ ಮೀನನ್ನು ತುಂಡು ಮಾಡಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಇನ್ನೊಮ್ಮೆ ಹಾಗೇ ಮಾಡಿ. ಉಪ್ಪಿನ ಒಂದು ಪಾಲು ಇಳಿಯುತ್ತದೆ, ಎಲ್ಲವೂ ಅಲ್ಲ. ಚಟ್ನಿಗೆ ಮತ್ತೆ ಉಪ್ಪು ಹಾಕಬೇಡಿ, ಗಂಜಿಗೂ ಬೇಡ. ಕಿಡ್ನಿ ಕಾಯಿಲೆ ಇರುವವರು ಬಿಡುವುದೇ ಒಳ್ಳೆಯದು.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನಮ್ಮ ಹೊಟ್ಟೆಗೂ ಬರುತ್ತದೆಯೇ?
– ಬೆಂಗಳೂರು

ಉತ್ತರ: ಸೋಡಿಯಂ ಬರುತ್ತದೆ. ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಲೀಟರಿಗೆ 100 ಮಿ.ಗ್ರಾಂ ಗಡಸುತನ ಕಳೆದರೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 400 ಇದ್ದ ನೀರನ್ನು ಕುಡಿಯಲು, ಅಡುಗೆಗೆ ದಿನಕ್ಕೆ 3 ಲೀಟರ್ ಬಳಸಿದರೆ ಸುಮಾರು 550 ಮಿ.ಗ್ರಾಂ ಸೋಡಿಯಂ, ಅಂದರೆ 1.4 ಗ್ರಾಂ ಉಪ್ಪಿನಲ್ಲಿರುವಷ್ಟು. ಕುಡಿಯುವ ನೀರಿಗೆ ಆರ್‌ಒ ಇದ್ದರೆ ಅದರಲ್ಲಿ ಬಹುಪಾಲು ಹೋಗುತ್ತದೆ. ಸಾರು, ಅನ್ನಕ್ಕೂ ಅದೇ ನೀರು ಹಿಡಿಯಿರಿ.

ಪ್ರಶ್ನೆ: 78 ವರ್ಷದ ಅಮ್ಮನಿಗೆ ಬಿಪಿ ಎಂದು ಉಪ್ಪು ಪೂರ್ತಿ ನಿಲ್ಲಿಸಿದ್ದೆವು. ಕ್ಲೋರ್ಥಾಲಿಡೋನ್ ಮಾತ್ರೆಯೂ ಇದೆ. ಎರಡು ದಿನದಿಂದ ಮಂಕಾಗಿದ್ದಾರೆ, ಏನೇನೋ ಮಾತಾಡುತ್ತಾರೆ. ರಕ್ತದ ಸೋಡಿಯಂ 122 ಬಂದಿದೆ. ಉಪ್ಪುನೀರು ಕುಡಿಸಬಹುದೇ?
– ಹಾಸನ

ಉತ್ತರ: ಬೇಡ. ಪತ್ರಿಕೆಯ ಉತ್ತರಕ್ಕೆ ಕಾಯದೆ ನೀವು ಅವರನ್ನು ಆಸ್ಪತ್ರೆಗೆ ಸೇರಿಸಿದ್ದೀರಿ ಎಂದು ಆಶಿಸುತ್ತೇವೆ. ಇದೇ ಸ್ಥಿತಿ ನಿಮ್ಮ ಮನೆಯಲ್ಲಿದ್ದರೆ ಓದುಗರೂ ತಡಮಾಡಬೇಡಿ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. 122 ಇದ್ದು ಮಂಕು ಕವಿದಿದ್ದರೆ ಅದು ತುರ್ತು. ಇಂಥಲ್ಲಿ ಉಪ್ಪು ಬಿಟ್ಟದ್ದೊಂದೇ ಕಾರಣ ಆಗಿರುವುದು ಅಪರೂಪ. ಕ್ಲೋರ್ಥಾಲಿಡೋನ್ ಮೂತ್ರದಲ್ಲಿ ಸೋಡಿಯಂ ಹೊರಹಾಕುತ್ತದೆ, ಊಟ ಕಡಿಮೆಯಾಗಿ ನೀರು ಹೆಚ್ಚು ಕುಡಿದಾಗ ರಕ್ತದ ಸೋಡಿಯಂ ತೆಳುವಾಗುತ್ತದೆ. ಅದನ್ನು ನಿಧಾನವಾಗಿ, ಗಂಟೆಗಂಟೆಗೆ ರಕ್ತ ನೋಡುತ್ತ ಏರಿಸಬೇಕು. ಒಮ್ಮೆಲೇ ಏರಿದರೆ ಮಿದುಳಿಗೆ ಪೆಟ್ಟು. ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೆಲ್ಲ ಜೊತೆಗೆ ಒಯ್ಯಿರಿ. ಚೇತರಿಸಿಕೊಂಡ ಮೇಲೆ ಅವರ ಊಟಕ್ಕೆ ಎಷ್ಟು ಉಪ್ಪು, ದಿನಕ್ಕೆ ಎಷ್ಟು ನೀರು ಎಂದು ಅಳತೆಯಲ್ಲೇ ಬರೆಸಿಕೊಳ್ಳಿ.