ಬ್ಲಾಗುಗಳಿಗೆ ಅಂಕ ಕೊಡುವ ಬಗ್ಗೆ

ನಮಸ್ಕಾರ. ಕೊಡಗಿನ ಸೋಮವಾರಪೇಟೆಯ ಕಾಲೇಜು ಮಕ್ಕಳ 12 ಬ್ಲಾಗುಗಳಿಗೆ ನೀವು ತೀರ್ಪುಗಾರರು, ವಿನ್ಯಾಸಕ್ಕೂ ಬರವಣಿಗೆಗೂ ಅರ್ಧರ್ಧ ಅಂಕ ಇಟ್ಟರೆ ಸರಿಯೇ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಸರಿಯಲ್ಲ. 100ರಲ್ಲಿ 70 ಬರವಣಿಗೆಗೇ ಇಡಿ.

ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ನೋಡಬೇಡಿ. ಜೋರು ಮಳೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಮೊಬೈಲಿನಲ್ಲಿ ತೆರೆಯಿರಿ. ದೊಡ್ಡ ಫೋಟೊ ಇಳಿಯುವ ತನಕ ಒಂದಕ್ಷರವೂ ಕಾಣದಿದ್ದರೆ ಅಂಕ ಕಳೆಯಿರಿ. ಕನ್ನಡಕ್ಕೆ ಸಾಲುಗಳ ನಡುವಿನ ಜಾಗ ಬಹಳ ಮುಖ್ಯ: ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗಿದರೆ ಕಣ್ಣು ಸೋಲುತ್ತದೆ. ಎರಡೂ ಅಂಚು ಸಮ ಮಾಡಿದರೆ ನಮ್ಮ ಉದ್ದುದ್ದ ಪದಗಳ ನಡುವೆ ಹಳ್ಳ ಬೀಳುತ್ತದೆ. ಬಿಳಿ ಮೇಲೆ ತಿಳಿ ಬೂದು ಅಕ್ಷರ ಬೇಡವೇ ಬೇಡ. ಜಾಲತಾಣ ಎಲ್ಲರಿಗೂ ಓದಲು ಬರುವಂತಿರಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ (WCAG) ಮಾರ್ಗಸೂಚಿಯ ಎಎ (AA) ಮಟ್ಟ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ, ಕೇಳುತ್ತದೆ.

ಬರವಣಿಗೆಗೆ ನಾನು ಮಾಡುವುದು ಇಷ್ಟೇ: ಮಧ್ಯದ ಒಂದು ಪ್ಯಾರಾ ಗಟ್ಟಿಯಾಗಿ ಓದುತ್ತೇನೆ. ‘ಕೊಡಗು ಪ್ರಕೃತಿಯ ಮಡಿಲು’ ಅಂತ ಯಾರು ಬೇಕಾದರೂ ಬರೆದಾರು. ‘ಹೂಮಳೆ ಬಿದ್ದು ಎಂಟು ದಿನ, ತೋಟವೆಲ್ಲ ಬೆಳ್ಳಗೆ; ಜೇನು ಕೂತಿದೆ ಅಂತ ಅಜ್ಜ ಕೆಲಸದವರನ್ನು ಒಳಗೆ ಬಿಡಲಿಲ್ಲ’ ಅಂತ ಬರೆಯಬೇಕಾದರೆ, ಕಾಫಿ ಹೂ ಅರಳಿಸುವ ಆ ಮಳೆಯಾದ ಮೇಲೆ ತೋಟದಲ್ಲಿ ನಿಂತು ನೋಡಿರಬೇಕು. ಅಂಥ ಸಾಲು ಸಿಕ್ಕರೆ ಧಾರಾಳವಾಗಿ ಕೊಡಿ.

ಕೊಡಗಿನ ಮಾತುಗಳಾದ ಅರೆಭಾಷೆಯೋ ಕೊಡವ ತಕ್ಕೋ ಮನೆಮಾತಾಗಿರುವ ಮಕ್ಕಳು ಆ ಮಾತಿನ ಪದ ಬಳಸಿದರೆ ದಯವಿಟ್ಟು ತಪ್ಪು ಅಂತ ಎಣಿಸಬೇಡಿ, ಬರಹಕ್ಕೆ ಜೀವ ಬರುವುದೇ ಅಲ್ಲಿ. ಇನ್ನೊಂದು, ಸ್ಪರ್ಧೆಗೆಂದು ತಿದ್ದಿ ತೀಡಿದ ಒಂದೇ ಬರಹ ನೋಡಿ ಮುಗಿಸದೆ ಹಳೆಯ ಮೂರನ್ನಾದರೂ ಓದಿ.