ಉರಿಯುವ ಮೊಡವೆಗೆ ಮಾಕ್ಸಾ ಕಾವು ಕೊಡಬಹುದೇ?

ಚೀನೀ ವೈದ್ಯದಲ್ಲಿ ಮೊಡವೆಗೆ ಅಕ್ಯುಪಂಕ್ಚರ್ ಸೂಜಿಯ ಜೊತೆ ಮಾಕ್ಸಾ ಕಾವನ್ನೂ (ಗಿಡದ ಎಲೆಯ ನಾರನ್ನು ಉರಿಸಿ ಮುಟ್ಟಿಸುವ ಬಿಸಿ) ಕೊಡುತ್ತಾರಂತೆ, ಮೊದಲೇ ಕೆಂಪಗೆ ಉರಿಯುವ ಮೊಡವೆ ಕಾವಿನಿಂದ ಹೆಚ್ಚಾಗುವುದಿಲ್ಲವೇ ಎಂದು ಕೇಳಿದ್ದೀರಿ. ಹೆಚ್ಚಾಗಬಹುದು. ಅದಕ್ಕೇ ಕಾವು ಯಾರಿಗೆ, ಮೈಯ ಯಾವ ಜಾಗಕ್ಕೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಕೀವು ತುಂಬಿದ ಮುಖದ ಮೇಲಂತೂ ಬೇಡವೇ ಬೇಡ.

ಚೀನೀ ವೈದ್ಯರು ಎಲ್ಲ ಮೊಡವೆಯನ್ನೂ ಒಂದೇ ಎಂದು ನೋಡುವುದಿಲ್ಲ. ಹಣೆ, ಮೂಗಿನ ಸುತ್ತ ಸಣ್ಣ ಕೆಂಪು ಗುಳ್ಳೆ, ಸ್ವಲ್ಪ ತುರಿಕೆ ಇದ್ದರೆ ಶ್ವಾಸಕೋಶದ ನಾಡಿಯಲ್ಲಿ (ಮೈಯೊಳಗೆ ಚೈತನ್ಯ ಹರಿಯುತ್ತದೆ ಎಂದು ಆ ವೈದ್ಯ ನಂಬುವ ದಾರಿ) ಗಾಳಿ ಮತ್ತು ಉಷ್ಣ ಸೇರಿದೆ ಅನ್ನುತ್ತಾರೆ. ಮುಖವೆಲ್ಲ ಜಿಡ್ಡು, ನೋಯುವ ಕೀವಿನ ಗುಳ್ಳೆ, ಬಾಯಿ ವಾಸನೆ, ಮಲಬದ್ಧತೆ, ನಾಲಿಗೆಯ ಮೇಲೆ ದಪ್ಪ ಹಳದಿ ಲೇಪ ಇದ್ದರೆ ಅದು ಜಠರ ಮತ್ತು ಗುಲ್ಮದ ತೇವ-ಉಷ್ಣ. ಗಟ್ಟಿಯಾದ ನೇರಳೆ ಗಂಟುಗಳಾದರೆ ಕಫ, ರಕ್ತ ಕಟ್ಟಿಕೊಂಡಿದೆ ಎಂದರ್ಥ. ಮುಟ್ಟಿಗೆ ಮುಂಚೆ ದವಡೆ, ಗಲ್ಲದ ಮೇಲೆ ಏಳುವುದನ್ನು ಚೋಂಗ್ ಮತ್ತು ರೆನ್ ನಾಡಿಗಳ ಏರುಪೇರು ಎನ್ನುತ್ತಾರೆ. ಇವು ಲ್ಯಾಬಿನಲ್ಲಿ ಅಳೆಯುವ ಸಂಗತಿಗಳಲ್ಲ, ಆ ಪದ್ಧತಿಯ ಪರಿಭಾಷೆ. ಆದರೆ ಬಿಂದುಗಳ, ಅಂದರೆ ಸೂಜಿ ಅಥವಾ ಕಾವು ಕೊಡುವ ಜಾಗಗಳ, ಆಯ್ಕೆ ನಿಂತಿರುವುದು ಇದರ ಮೇಲೆಯೇ.

ಉಷ್ಣದ ಬಗೆಗಳಿಗೆ ಸೂಜಿ ಸಾಕು. ಸಾಮಾನ್ಯವಾಗಿ ಹಿಡಿಯುವ ಬಿಂದುಗಳು (ಕಂಸದಲ್ಲಿರುವುದು ಬಿಂದುವಿನ ಸಂಕೇತ): ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಲ ಜಾಗದ ಹೆಗು (ಎಲ್‌ಐ 4), ಮೊಣಕೈ ಮಡಚಿದಾಗ ಮೂಡುವ ಗೆರೆಯ ಹೊರತುದಿಯ ಚ್ಯುಚಿ (ಎಲ್‌ಐ 11), ಕಾಲಿನ ಎರಡನೇ ಮತ್ತು ಮೂರನೇ ಬೆರಳ ಸಂದಿನ ನೇಯ್‌ತಿಂಗ್ (ಎಸ್‌ಟಿ 44). ಸೂಜಿ ಸುಮಾರು 0.25 ಮಿ.ಮೀ. ದಪ್ಪ, 25ರಿಂದ 40 ಮಿ.ಮೀ. ಉದ್ದ. 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ವಾರಕ್ಕೆ ಎರಡು ಮೂರು ಸಲದಂತೆ ಹತ್ತು ಸಲಕ್ಕೆ ಒಂದು ಸುತ್ತು. ಮುಖದ ಮೇಲೆ ಚುಚ್ಚುವುದಾದರೆ ಇನ್ನೂ ತೆಳುವಾದ ಸೂಜಿಯನ್ನು ಗಂಟಿನ ಅಂಚಿನ ಸುತ್ತ ಹಾಕಬೇಕು. ಕೀವಿನೊಳಕ್ಕೆ ಚುಚ್ಚಿದರೆ ಸೋಂಕು ಆಳಕ್ಕಿಳಿದು ಕಲೆ ಉಳಿಯುತ್ತದೆ.

ಉಷ್ಣ ಜಾಸ್ತಿ ಅನ್ನಿಸಿದರೆ ಚೀನಾದಲ್ಲಿ ರಕ್ತ ತೆಗೆಯುವ ಕಪ್ಪಿಂಗ್ ಕೂಡ ಮಾಡುತ್ತಾರೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಕೆಳಗಿನ ದಾಚುಯಿ (ಜಿವಿ 14), ಬೆನ್ನಿನ ಮೂರನೇ ಕಶೇರುವಿನ ಎರಡೂ ಬದಿಯ ಫೇಯ್‌ಶು (ಬಿಎಲ್ 13), ಇಲ್ಲಿ ಲ್ಯಾನ್ಸೆಟ್ ಎಂಬ ಚಿಕ್ಕ ಚೂಪು ಮೊನೆಯಿಂದ ಮೇಲುಮೇಲೆ ಕೆಲವು ಸಲ ಚುಚ್ಚಿ, ರಕ್ತ ಹೀರುವ ಕಪ್ಪನ್ನು 5ರಿಂದ 10 ನಿಮಿಷ ಇಡುತ್ತಾರೆ. ರಕ್ತಹೀನತೆ ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇದು ಸಲ್ಲದು. ಇನ್ನು ಫೇಯ್‌ಶುವಿಗೆ ಉದ್ದ ಸೂಜಿ ಹಾಕುವುದಾದರೆ ಬೆನ್ನೆಲುಬಿನ ಕಡೆಗೆ ಓರೆಯಾಗಿ, ಸುಮಾರು ಒಂದೂವರೆ ಸೆಂ.ಮೀ. ಒಳಗೇ ನಿಲ್ಲಿಸಬೇಕು. ಅದರ ಕೆಳಗಿರುವುದು ಶ್ವಾಸಕೋಶ. ನೇರವಾಗಿ ಆಳಕ್ಕಿಳಿದರೆ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು.

ಈಗ ಕಾವಿನ ವಿಷಯ. ಮಾಕ್ಸಾ ಎಂದರೆ ಆರ್ಟಿಮಿಸಿಯ ಆರ್ಗಿ ಗಿಡದ ಒಣಗಿದ ಎಲೆಯನ್ನು ಕುಟ್ಟಿ ತೆಗೆದ ಹತ್ತಿಯಂಥ ನಾರು. ನಮ್ಮ ದವನವೂ ಇದೇ ಕುಲದ ಗಿಡ. ಕಾವು ಒಪ್ಪುವುದು ಶೀತದ ಲಕ್ಷಣ ಸ್ಪಷ್ಟವಾಗಿರುವವರಿಗೆ: ದವಡೆಯ ಮೇಲೆ ಮಂಕು ಬಣ್ಣದ, ಹಣ್ಣಾಗದ, ವಾಸಿಯೂ ಆಗದ ಗಂಟು, ತಣ್ಣನೆಯ ಕಾಲು, ಬಿಸಿನೀರಿನ ಚೀಲ ಇಟ್ಟರೆ ಹಿತವಾಗುವ ಮುಟ್ಟಿನ ನೋವು, ಬಿಳಿಚಿದ ನಾಲಿಗೆ. ಕೊಡುವುದು ಹೊಟ್ಟೆಗೆ ಮತ್ತು ಕಾಲಿಗೆ. ಹೊಕ್ಕುಳಿಂದ ನಾಲ್ಕು ಬೆರಳ ಅಗಲ ಕೆಳಗಿನ ಗ್ವಾನ್‌ಯುವಾನ್ (ಸಿವಿ 4), ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ಅಷ್ಟೇ ಕೆಳಗಿನ ಜೂಸಾನ್‌ಲಿ (ಎಸ್‌ಟಿ 36). ಬೆರಳಿನ ಅಳತೆ ರೋಗಿಯದೇ ಆಗಿರಬೇಕು. ಉರಿಯುವ ಮಾಕ್ಸಾ ಕಡ್ಡಿಯನ್ನು ಚರ್ಮದಿಂದ 2–3 ಸೆಂ.ಮೀ. ಎತ್ತರದಲ್ಲಿ ಹಿಡಿದು ಒಂದೊಂದು ಬಿಂದುವಿಗೆ 10–15 ನಿಮಿಷ. ಚರ್ಮ ತೆಳುಗೆಂಪಾದರೆ ಸಾಕು, ಚುರುಕ್ ಅಂದರೆ ಕಡ್ಡಿ ಮೇಲೆತ್ತಬೇಕು. ಬೂದಿಯನ್ನು ಆಗಾಗ ಕೊಡವದಿದ್ದರೆ ಕೆಂಡ ಮೈಮೇಲೆ ಬೀಳುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರಿಗೆ ಸುಟ್ಟದ್ದು ತಿಳಿಯುವುದಿಲ್ಲ, ಆಸ್ತಮಾ ಇದ್ದವರಿಗೆ ಹೊಗೆ ಆಗದು.

ಕಾವಿನಿಂದಲೇ ಉಷ್ಣವನ್ನು ಹೊರಗೆಳೆಯಬಹುದು ಎನ್ನುವ ವೈದ್ಯರೂ ಚೀನಾದಲ್ಲಿದ್ದಾರೆ. ಗಂಟುಗಳಿಗೆ ಕೆಂಪಗೆ ಕಾಯಿಸಿದ ಸೂಜಿಯನ್ನು ಕ್ಷಣಮಾತ್ರ ಇಳಿಸಿ ತೆಗೆಯುವ ವಿಧಾನವೂ ಅಲ್ಲಿ ಬಳಕೆಯಲ್ಲಿದೆ. ನಮ್ಮಂಥ ಕಂದು ಚರ್ಮದವರು ಇದಕ್ಕೆ ಅವಸರದಿಂದ ಒಪ್ಪಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಸುಟ್ಟ ಗಾಯವೂ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ, ಕೀಲಾಯ್ಡ್ ಬೆಳೆಯುವ ಮೈಯಾದರೆ ದಪ್ಪ ಗಾಯದ ಗುರುತೇ ಏಳುತ್ತದೆ.

ಪುರಾವೆ ಎಷ್ಟಿದೆ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ಅವಲೋಕನ ಮೊಡವೆಯ ಪೂರಕ ಚಿಕಿತ್ಸೆಗಳ 35 ಅಧ್ಯಯನಗಳನ್ನು ಪರಿಶೀಲಿಸಿತು. ಅಕ್ಯುಪಂಕ್ಚರ್, ರಕ್ತ ತೆಗೆಯುವ ಕಪ್ಪಿಂಗ್ ಎರಡಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಆದ್ದರಿಂದ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಮೊಡವೆಗೆ ಹಚ್ಚುವ ಔಷಧ ನಿಲ್ಲಿಸಿ ಸೂಜಿಗೆ ಹೋಗಬೇಡಿ, ಬೇಕಿದ್ದರೆ ಜೊತೆಗಿರಲಿ. ಆಳದ ಗಂಟು, ಗುಳಿ ಬೀಳುತ್ತಿರುವ ಕೆನ್ನೆ ಇದ್ದರೆ ಮೊದಲು ಚರ್ಮವೈದ್ಯರ ಬಳಿ ಹೋಗಿ. ಹೋಗದೆ ತಡಮಾಡಿದ ಪ್ರತಿ ತಿಂಗಳೂ ಗುಳಿಯಾಗಿ ಉಳಿದೀತು. ಮುಟ್ಟು ತಪ್ಪುತ್ತಿದ್ದು ಮುಖದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು) ಪರೀಕ್ಷೆ ಮಾಡಿಸಿ. ಬಿಳುಪಿಗೆಂದು ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚುತ್ತಿದ್ದರೆ ಚರ್ಮವೈದ್ಯರಿಗೆ ಅದನ್ನೂ ಮುಚ್ಚಿಡದೆ ಹೇಳಿ. ಮೊಡವೆಗೆ ಅದೇ ಕಾರಣವಾಗಿದ್ದರೆ ಯಾವ ಬಿಂದುವೂ ನೆರವಾಗದು.

ಗರ್ಭಿಣಿಯರಿಗೆ ಹೆಗುವನ್ನೂ, ಒಳ ಕಣಕಾಲಿನ ಮೇಲಿನ ಸಾನ್‌ಯಿನ್‌ಜಿಯಾವೊ (ಎಸ್‌ಪಿ 6) ಬಿಂದುವನ್ನೂ ಮುಟ್ಟುವುದಿಲ್ಲ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಕಾಯಿಸಿದ ಸೂಜಿ, ಮುಖದ ಮೇಲಿನ ಕಾವು ಎರಡೂ ಬೇಡ, ಚರ್ಮ ಆಗ ನಾಜೂಕಾಗಿರುತ್ತದೆ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ಚುಚ್ಚಿದ ಜಾಗದಲ್ಲಿ ವಾರಗಳ ನಂತರ ವಾಸಿಯಾಗದ ಗಂಟು ಎದ್ದರೆ ಮೊಡವೆಯೆಂದು ಬಿಡಬೇಡಿ, ಮೈಕೋಬ್ಯಾಕ್ಟೀರಿಯ (ಕ್ಷಯದ ರೋಗಾಣುವಿನ ಕುಲದ ಬ್ಯಾಕ್ಟೀರಿಯ) ಸೋಂಕು ಹಾಗೇ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ.